ಬಾಗಿಲು ತಟ್ಟುವ ಮುನ್ನ: ದಾನಿ ಅಧ್ಯಯನದ ಕುರಿತು ಮೂರು ಪತ್ರಗಳು

ಈ ಸಂಚಿಕೆಗೆ ಆಯ್ದುಕೊಂಡ ಮೂರು ಪತ್ರಗಳೂ ಒಂದೇ ಕೆಲಸದ ಸುತ್ತ ಇವೆ. ದೇಣಿಗೆ ಕೇಳಲು ಹೋಗುವವರು ಯಾರದೋ ಮನೆಯ ಬಾಗಿಲು ತಟ್ಟುವ ಮೊದಲು, ಯಾರ ಬಾಗಿಲು, ಯಾವ ಕಾರಣಕ್ಕೆ, ಎಷ್ಟು ಮೊತ್ತಕ್ಕೆ ಎಂಬುದನ್ನು ಕುಳಿತು ಹುಡುಕಿಕೊಡುವ ತಂಡಗಳ ಕೆಲಸವದು. ಸಂಸ್ಥೆಗಳಲ್ಲಿ ಇದನ್ನು ಪ್ರಾಸ್ಪೆಕ್ಟ್ ರಿಸರ್ಚ್ ಎನ್ನುತ್ತಾರೆ. ದಾನಿ ಅಧ್ಯಯನ ಎಂದರೂ ಅರ್ಥಕ್ಕೆ ಕೊರತೆಯಾಗದು. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಇದೇ ಕೆಲಸ ಮಾಡಿರುವುದರಿಂದ, ನನಗೆ ಅನುಭವದಲ್ಲಿ ಸರಿಯೆಂದು ಕಂಡದ್ದನ್ನು ಉತ್ತರವಾಗಿ ಬರೆದಿದ್ದೇನೆ. ಪತ್ರ ಬರೆದವರ ಹೆಸರುಗಳನ್ನು ಅವರ ಕೋರಿಕೆಯಂತೆ ಬಿಟ್ಟಿದ್ದೇವೆ.

ಪ್ರಶ್ನೆ: ಮಾನ್ಯರೇ, ನಾನು ಉತ್ತರ ಕರ್ನಾಟಕದ ಒಂದು ಹಳೆಯ ಶಿಕ್ಷಣ ಸಂಸ್ಥೆಯಲ್ಲಿ ದಾನಿ ಅಧ್ಯಯನ ತಂಡವನ್ನು ಒಂದೂವರೆ ವರ್ಷದಿಂದ ನಡೆಸುತ್ತಿದ್ದೇನೆ. ತಂಡದಲ್ಲಿ ನಾಲ್ವರಿದ್ದಾರೆ. ತಿಂಗಳಿಗೆ 30 ಪ್ರೊಫೈಲ್ (ದಾನಿಯಾಗಬಲ್ಲವರ ಪರಿಚಯ ವರದಿ) ಸಿದ್ಧಪಡಿಸಬೇಕೆಂಬ ಗುರಿ ನಮಗಿದೆ ಮತ್ತು ಅದನ್ನು ಒಮ್ಮೆಯೂ ತಪ್ಪಿಸಿಲ್ಲ. ಆದರೆ ದೇಣಿಗೆ ಕೇಳಲು ಹೋಗುವ ಅಧಿಕಾರಿಗಳು ಅವುಗಳನ್ನು ತೆರೆದು ನೋಡುವುದೇ ಇಲ್ಲ. ಅಧ್ಯಕ್ಷರು ತಮಗೆ ಪರಿಚಯವಿರುವವರನ್ನೇ ಕಾಣುತ್ತಾರೆ. ನಮ್ಮ ಹುಡುಗಿಯೊಬ್ಬಳು, 'ಅಕ್ಕಾ, ನಾವು ಬರೆದದ್ದು ಯಾರಿಗೆ ಬೇಕಾಗಿದೆ?' ಎಂದು ಕೇಳಿ ಕಳೆದ ತಿಂಗಳು ಕೆಲಸ ಬಿಟ್ಟಳು. ತಂಡವನ್ನು ಉಳಿಸಿಕೊಳ್ಳುವುದು ಹೇಗೆ? — ಓದುಗರು, ಹುಬ್ಬಳ್ಳಿ

ಉತ್ತರ: ಕೆಲಸ ಬಿಟ್ಟ ಆ ಹುಡುಗಿ ಕೇಳಿದ ಪ್ರಶ್ನೆ ಸರಿಯಾದದ್ದೇ. ಅದಕ್ಕೆ ಉತ್ತರ ಕೊಡಬೇಕಾದವರು ತಂಡದ ಮುಖ್ಯಸ್ಥೆಯಾದ ನೀವು. ನಿಮ್ಮ ಪ್ರೊಫೈಲ್‌ಗಳನ್ನು ಯಾರೂ ಓದುತ್ತಿಲ್ಲವೆಂದರೆ, ಅವುಗಳನ್ನು ಯಾರೂ ಕೇಳಿರಲಿಲ್ಲವೆಂದೇ ಅರ್ಥ. ತಿಂಗಳಿಗೆ 30 ಎಂಬ ಗುರಿ ಇರುವವರೆಗೆ ತಂಡದವರು ಸುಲಭವಾಗಿ ಮಾಹಿತಿ ಸಿಗುವ ಹೆಸರುಗಳನ್ನೇ ಆರಿಸಿಕೊಳ್ಳುತ್ತಾರೆ. ಸುಲಭವಾಗಿ ಮಾಹಿತಿ ಸಿಗುವುದು ಪತ್ರಿಕೆಗಳಲ್ಲಿ ಬರುವ ದೊಡ್ಡ ಉದ್ಯಮಿಗಳ ಬಗ್ಗೆ. ಅವರ ಮುಂದೆ ಈಗಾಗಲೇ ನೂರಾರು ಸಂಸ್ಥೆಗಳ ಮನವಿಗಳು ರಾಶಿ ಬಿದ್ದಿರುತ್ತವೆ. ಹೀಗಾಗಿ ನೀವು ಮೊದಲು ಮಾಡಬೇಕಾದದ್ದು ಆ ಗುರಿಯನ್ನು ರದ್ದುಪಡಿಸುವಂತೆ ಅಧ್ಯಕ್ಷರನ್ನು ಒಪ್ಪಿಸುವುದು. ಅದರ ಬದಲಿಗೆ, ಮುಂದಿನ ಮೂರು ತಿಂಗಳಲ್ಲಿ ಸಂಸ್ಥೆಗೆ ನಿಜವಾಗಿ ಬೇಕಾಗಿರುವುದು ಏನು ಎಂದು ಅವರನ್ನೇ ಕೇಳಿ. ಹೆಣ್ಣುಮಕ್ಕಳ ವಸತಿನಿಲಯಕ್ಕೆ 2 ಕೋಟಿ ಬೇಕೆಂದು ಅವರು ಹೇಳಿದರೆ, ತಂಡಕ್ಕೆ ಒಂದು ಪ್ರಶ್ನೆ ಸಿಕ್ಕಂತಾಯಿತು: ಈ ವಸತಿನಿಲಯ ಯಾರಿಗೆ ತಮ್ಮದೆನಿಸಬಲ್ಲದು? ಆ ಪ್ರಶ್ನೆಗೆ ಹನ್ನೆರಡು ಹೆಸರುಗಳ ಉತ್ತರ ಸಾಕು.

ದಾನಿಯನ್ನು ಅಳೆಯಲು ಈ ಕ್ಷೇತ್ರದಲ್ಲಿ ಮೂರು ಅಳತೆಗಳಿವೆ: ನಂಟು, ಶಕ್ತಿ, ಆಸಕ್ತಿ. ಹೆಚ್ಚಿನ ತಂಡಗಳು ಶಕ್ತಿಯಿಂದ, ಅಂದರೆ ಹಣವೆಷ್ಟಿದೆ ಎಂಬುದರಿಂದ ಆರಂಭಿಸುತ್ತವೆ. ನಾನು ನಂಟಿನಿಂದ ಆರಂಭಿಸಿ ಎನ್ನುತ್ತೇನೆ. ನಂದನ್ ನಿಲೇಕಣಿಯವರು 1973ರಲ್ಲಿ ಬಾಂಬೆ ಐಐಟಿಯನ್ನು ಸೇರಿದವರು. 2023ರಲ್ಲಿ ಆ ನಂಟಿಗೆ 50 ವರ್ಷ ತುಂಬಿದಾಗ ಆ ಸಂಸ್ಥೆಗೆ 315 ಕೋಟಿ ರೂಪಾಯಿ ಕೊಟ್ಟರು. ಅದಕ್ಕೂ ಮೊದಲೇ 85 ಕೋಟಿ ಕೊಟ್ಟಿದ್ದರು. ಇಲ್ಲಿ ಅಧ್ಯಯನ ತಂಡ ಗಮನಿಸಬೇಕಾದದ್ದು ಮೊತ್ತಕ್ಕಿಂತಲೂ ಎರಡು ಸಂಗತಿಗಳನ್ನು: ದೊಡ್ಡ ದೇಣಿಗೆಗೆ ಮುಂಚೆ ಬೇರೆ ದೇಣಿಗೆಗಳಿದ್ದವು ಮತ್ತು ಅದಕ್ಕೊಂದು ವರ್ಷದ ಗುರುತಿತ್ತು. ನಿಮ್ಮ ಸಂಸ್ಥೆಯಲ್ಲಿ 1977ರಲ್ಲಿ ಪಿಯುಸಿಗೆ ಸೇರಿದವರು ಯಾರು, ಅವರ 50ನೆಯ ವರ್ಷ ಯಾವಾಗ ಎಂಬ ಪಟ್ಟಿ ನಿಮ್ಮಲ್ಲಿದೆಯೇ? ಇನ್ನೊಂದು ಬಗೆಯ ನಂಟೂ ಇದೆ. 2022ರ ಫೆಬ್ರುವರಿಯಲ್ಲಿ ಮೈಂಡ್‌ಟ್ರೀ ಸಾಫ್ಟ್‌ವೇರ್ ಕಂಪನಿಯ ಸಹಸಂಸ್ಥಾಪಕರ ಕುಟುಂಬಗಳಾದ ಸುಸ್ಮಿತಾ ಮತ್ತು ಸುಬ್ರತೊ ಬಾಗ್ಚಿ, ರಾಧಾ ಮತ್ತು ಎನ್. ಎಸ್. ಪಾರ್ಥಸಾರಥಿ ದಂಪತಿಗಳು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವೈದ್ಯಕೀಯ ಶಾಲೆ ಮತ್ತು 800 ಹಾಸಿಗೆಗಳ ಆಸ್ಪತ್ರೆಗೆಂದು 425 ಕೋಟಿ ರೂಪಾಯಿ ಘೋಷಿಸಿದರು. ಅಲ್ಲಿನ ನಂಟು ಉದ್ದೇಶದ ಕಡೆಯಿಂದ ಬಂದದ್ದು. ಅದಕ್ಕೂ ಮುಂಚೆ ಬಾಗ್ಚಿ ದಂಪತಿ ಒಡಿಶಾದಲ್ಲಿ ಕ್ಯಾನ್ಸರ್ ಆಸ್ಪತ್ರೆಗೆ ಮತ್ತು ಉಪಶಾಮಕ ಆರೈಕೆಗೆ ದೊಡ್ಡ ನೆರವು ಪ್ರಕಟಿಸಿದ್ದರು. ಒಬ್ಬರು ಹಿಂದೆ ಎಲ್ಲಿಗೆ ಕೊಟ್ಟಿದ್ದಾರೆ ಎಂಬುದು, ಮುಂದೆ ಎಲ್ಲಿಗೆ ಕೊಟ್ಟಾರು ಎಂಬುದನ್ನು ಅವರ ಆಸ್ತಿಯ ಲೆಕ್ಕಕ್ಕಿಂತ ಚೆನ್ನಾಗಿ ಹೇಳುತ್ತದೆ.

ನನ್ನದೇ ಒಂದು ಅನುಭವ ಹೇಳುತ್ತೇನೆ. ಹಲವು ವರ್ಷಗಳ ಹಿಂದೆ ನನ್ನ ತಂಡ ಒಬ್ಬ ಉದ್ಯಮಿಯ ಬಗ್ಗೆ 14 ಪುಟಗಳ ವರದಿ ಸಿದ್ಧಪಡಿಸಿತ್ತು. ಕಂಪನಿಗಳು, ಷೇರುಗಳು, ಪ್ರಶಸ್ತಿಗಳು ಎಲ್ಲವೂ ಅದರಲ್ಲಿದ್ದವು. ಭೇಟಿ ಸಪ್ಪೆಯಾಗಿ ಮುಗಿಯಿತು. ಅವರು ಚಹಾ ಕೊಟ್ಟು ಕಳುಹಿಸಿದರು. ಎರಡು ವರ್ಷಗಳ ನಂತರ, ಸಂಸ್ಥೆಯ ಹಳೆಯ ದಾಖಲಾತಿ ರಿಜಿಸ್ಟರುಗಳನ್ನು ಕಂಪ್ಯೂಟರಿಗೆ ಏರಿಸುವಾಗ, ಅವರ ತಾಯಿ ನಮ್ಮ ಕನ್ಯಾಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಓದಿದ್ದರೆಂಬುದು ತಿಳಿಯಿತು. ಆ ಹೊತ್ತಿಗೆ ಅವರು ತಾಯಿಯ ಹೆಸರಿನಲ್ಲಿ ಬೇರೊಂದು ಊರಿನ ಶಾಲೆಗೆ ಕಟ್ಟಡ ಕಟ್ಟಿಸಿಕೊಟ್ಟಿದ್ದರು. ನಮ್ಮ 14 ಪುಟಗಳಲ್ಲಿ ಇರಬೇಕಾಗಿದ್ದ ಒಂದೇ ಒಂದು ಸಾಲು ನಮ್ಮದೇ ಕಪಾಟಿನಲ್ಲಿತ್ತು. ಅಂದಿನಿಂದ ನಾನು ಯಾವ ತಂಡವನ್ನು ವಹಿಸಿಕೊಂಡರೂ ಮೊದಲ ತಿಂಗಳು ಯಾರಿಗೂ ಇಂಟರ್‌ನೆಟ್ ಹುಡುಕಾಟ ಕೊಡುವುದಿಲ್ಲ. ಸಂಸ್ಥೆಯ ರಿಜಿಸ್ಟರು, ಹಳೆಯ ರಸೀದಿ ಪುಸ್ತಕ, ಬೆಳ್ಳಿಹಬ್ಬದ ಸ್ಮರಣ ಸಂಚಿಕೆ, ಗೋಡೆಯ ಮೇಲಿನ ಕಲ್ಲುಗಳನ್ನು ಓದಿಸುತ್ತೇನೆ.

ಸ್ಮರಣ ಸಂಚಿಕೆಗಳ ಬಗ್ಗೆ ಒಂದು ಮಾತು ಹೆಚ್ಚಿಗೆ ಹೇಳಬೇಕೆನಿಸುತ್ತದೆ, ಏಕೆಂದರೆ ಅವುಗಳನ್ನು ರದ್ದಿಗೆ ಹಾಕುವ ಸಂಸ್ಥೆಗಳನ್ನು ಕಂಡಿದ್ದೇನೆ. ಮೂವತ್ತು ವರ್ಷಗಳ ಹಿಂದಿನ ಸಂಚಿಕೆಯಲ್ಲಿ 'ಶುಭಾಶಯಗಳೊಂದಿಗೆ' ಎಂದು ಕಾಲು ಪುಟದ ಜಾಹೀರಾತು ಕೊಟ್ಟ ಕಿರಾಣಿ ಅಂಗಡಿಯ ಮಾಲೀಕರ ಮಗ ಇಂದು ದಾಲ್ ಮಿಲ್ ನಡೆಸುತ್ತಿರಬಹುದು. ಆ ಕಾಲು ಪುಟ ನಿಮ್ಮ ಸಂಸ್ಥೆಗೆ ಆ ಮನೆತನ ಕೊಟ್ಟ ಮೊದಲ ದೇಣಿಗೆ. ಹಾಗೆಯೇ ನಿವೃತ್ತ ಗುಮಾಸ್ತರು, ಹಳೆಯ ಹೆಡ್ ಮಾಸ್ತರರು ಇರುವಾಗಲೇ ಅವರ ಬಳಿ ಹೋಗಿ ಕುಳಿತುಕೊಳ್ಳಿ. ನಿಮ್ಮ ಭಾಗದಲ್ಲಿ ಈ ವಿದ್ಯೆ ಹೊಸದೇನೂ ಅಲ್ಲ. 1916ರಲ್ಲಿ ಬೆಳಗಾವಿಯಲ್ಲಿ ಕೆಎಲ್ಇ ಸಂಸ್ಥೆಯನ್ನು ಕಟ್ಟಿದವರು ಏಳು ಜನ ಶಿಕ್ಷಕರು. ಅಲ್ಲಿನ ಲಿಂಗರಾಜ ಕಾಲೇಜು, ತಮ್ಮ ಆಸ್ತಿಯನ್ನು ವಿದ್ಯಾರ್ಥಿಗಳ ಓದಿಗೆ ಮೀಸಲಿಟ್ಟು 1906ರಲ್ಲಿ ತೀರಿಕೊಂಡ ಶಿರಸಂಗಿ ಲಿಂಗರಾಜರ ಹೆಸರನ್ನು ಹೊತ್ತು 1933ರಲ್ಲಿ ಆರಂಭವಾಯಿತು. ನಿಮ್ಮ ಹುಬ್ಬಳ್ಳಿಯಲ್ಲೇ 1947ರಲ್ಲಿ ಆರಂಭವಾದ ಎಂಜಿನಿಯರಿಂಗ್ ಕಾಲೇಜು ದಾನಿ ಭೂಮರಡ್ಡಿಯವರ ಹೆಸರನ್ನು ಹೊತ್ತಿತ್ತು. ಯಾವ ಮನೆತನಕ್ಕೆ ಯಾವುದರ ಮೇಲೆ ಅಕ್ಕರೆ, ಯಾರು ಹೇಳಿದರೆ ಯಾರು ಕೇಳುತ್ತಾರೆ ಎಂಬ ತಿಳಿವಳಿಕೆ ಅಂಥ ಹಿರಿಯರ ತಲೆಯಲ್ಲಿತ್ತು. ನಿಮ್ಮ ಅಧ್ಯಕ್ಷರು ಪರಿಚಿತರನ್ನೇ ಕಾಣುವುದೂ ಅದೇ ಬಗೆಯ ತಿಳಿವಳಿಕೆಯಿಂದ. ಅದನ್ನು ಅಡ್ಡಿಯೆಂದು ನೋಡಬೇಡಿ. ವಾರಕ್ಕೆ ಅರ್ಧ ಗಂಟೆ ಅವರ ಮುಂದೆ ಹತ್ತು ಹೆಸರುಗಳನ್ನಿಟ್ಟು, ಅವರು ಹೇಳಿದ್ದನ್ನು ಬರೆದುಕೊಳ್ಳಿ. ನಿಮ್ಮ ಕೆಲಸ ಅವರಿಗೆ ಉಪಯೋಗಕ್ಕೆ ಬರುವುದು ಅಂದಿನಿಂದಲೇ ಆರಂಭವಾಗುತ್ತದೆ.

ಶಕ್ತಿಯ ಲೆಕ್ಕಕ್ಕೆ ಬಂದರೆ, ಕಂಪನಿಗಳ ವಿಷಯ ಹೆಚ್ಚು ಸ್ಪಷ್ಟ. 2013ರ ಕಂಪನಿಗಳ ಕಾಯ್ದೆಯ 135ನೆಯ ಕಲಮಿನ ಪ್ರಕಾರ, ಹಿಂದಿನ ಹಣಕಾಸು ವರ್ಷದಲ್ಲಿ 500 ಕೋಟಿ ನಿವ್ವಳ ಮೌಲ್ಯ, 1,000 ಕೋಟಿ ವಹಿವಾಟು ಅಥವಾ 5 ಕೋಟಿ ನಿವ್ವಳ ಲಾಭ, ಈ ಮೂರರಲ್ಲಿ ಒಂದನ್ನು ಮುಟ್ಟಿದ ಕಂಪನಿ ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ 2ರಷ್ಟನ್ನು ಸಾಮಾಜಿಕ ಹೊಣೆಗಾರಿಕೆಗೆ ವೆಚ್ಚ ಮಾಡಬೇಕು. ಮೂರು ವರ್ಷಗಳ ಲಾಭ 40, 50, 60 ಕೋಟಿ ಇದ್ದರೆ ಸರಾಸರಿ 50 ಕೋಟಿ. ಕೊಡಬೇಕಾದದ್ದು 1 ಕೋಟಿ. ಅಂಥ ಕಂಪನಿಯ ಬಳಿ ಹೋಗಿ 2 ಕೋಟಿಯ ವಸತಿನಿಲಯ ಕಟ್ಟಿಕೊಡಿ ಎಂದು ಕೇಳುವುದು ನಮ್ಮ ತಯಾರಿಯ ಕೊರತೆಯನ್ನು ತೋರಿಸುತ್ತದೆ. ಆ ಕಂಪನಿ ತನ್ನ ಘಟಕಗಳಿರುವ ಊರುಗಳಿಗೆ ಆದ್ಯತೆ ಕೊಡಬೇಕೆಂದೂ ಅದೇ ಕಲಮು ಹೇಳುತ್ತದೆ. ಆದ್ದರಿಂದ ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶದಲ್ಲಿ ಘಟಕವಿರುವ ಕಂಪನಿ, ಮುಂಬೈಯಲ್ಲಷ್ಟೇ ಕಚೇರಿಯಿರುವ ದೊಡ್ಡ ಕಂಪನಿಗಿಂತ ನಿಮಗೆ ಹತ್ತಿರದ್ದು. ವಾರ್ಷಿಕ ವರದಿಯಲ್ಲಿ ಈ ವಿವರಗಳು ಸಿಗುತ್ತವೆ. ಕೊಡಬೇಕಾದ ಮೊತ್ತ 50 ಲಕ್ಷವನ್ನು ಮೀರದ ಕಂಪನಿಗಳಿಗೆ ಪ್ರತ್ಯೇಕ ಸಮಿತಿ ಕಡ್ಡಾಯವಲ್ಲ. ಅಲ್ಲಿ ನಿರ್ದೇಶಕ ಮಂಡಳಿಯೇ ತೀರ್ಮಾನಿಸುವುದರಿಂದ ಯಾರನ್ನು ಕಾಣಬೇಕೆಂಬುದು ಬೇರೆಯಾಗುತ್ತದೆ. ಕಂಪನಿಗಳ ಈ ಸಾಮಾಜಿಕ ಹೊಣೆಗಾರಿಕೆಯ ಹಣ ಪಡೆದು ಕೆಲಸ ಮಾಡಲು ಬೇಕಾದ ಸಿಎಸ್‌ಆರ್-1 ನೋಂದಣಿ ನಿಮ್ಮ ಸಂಸ್ಥೆಗೆ ಇದೆಯೇ ಎಂಬುದನ್ನು ಎಲ್ಲಕ್ಕಿಂತ ಮೊದಲು ನೋಡಿಕೊಳ್ಳಿ. 2021ರ ಏಪ್ರಿಲ್‌ನಿಂದ ಅದು ಕಡ್ಡಾಯವಾಗಿದೆ.

ವ್ಯಕ್ತಿಗಳ ವಿಷಯದಲ್ಲಿ ಎಚ್ಚರ ಬೇಕು. ಷೇರುಪೇಟೆಯಲ್ಲಿರುವ ಕಂಪನಿಯ ಪ್ರವರ್ತಕರ ಪಾಲು ಎಷ್ಟು, ಅದರಲ್ಲಿ ಅಡವಿಟ್ಟದ್ದು ಎಷ್ಟು ಎಂಬುದು ಮೂರು ತಿಂಗಳಿಗೊಮ್ಮೆ ಪ್ರಕಟವಾಗುತ್ತದೆ. ಒಬ್ಬರ ಬಳಿ 1 ಕೋಟಿ ಷೇರುಗಳಿದ್ದು ಬೆಲೆ 300 ರೂಪಾಯಿ ಇದ್ದರೆ, ತಂಡದ ಹೊಸಬರು 300 ಕೋಟಿಯ ಒಡೆಯರೆಂದು ಬರೆದುಬಿಡುತ್ತಾರೆ. ಆದರೆ ಆ ಷೇರು ಮಾರಿದರೆ ಕಂಪನಿಯ ಹಿಡಿತವೇ ಹೋಗುತ್ತದೆ. ವರ್ಷಕ್ಕೆ ಷೇರಿಗೆ 6 ರೂಪಾಯಿ ಲಾಭಾಂಶ ಬಂದರೆ, ತೆರಿಗೆಗೆ ಮುಂಚೆ ಅವರ ಕೈಗೆ ಬರುವುದು 6 ಕೋಟಿ. ಎಷ್ಟು ಕೇಳಬಹುದೆಂಬ ಅಂದಾಜು ಆರಂಭವಾಗಬೇಕಾದದ್ದು ಈ ಅಂಕಿಯಿಂದ.

ಇನ್ನು ತಂಡದ ಉತ್ಸಾಹದ ಮಾತು. ನಿಮ್ಮವರು ಬರೆದ ಪುಟ ಹೊರಗೆ ಹೋದ ಮೇಲೆ ಏನಾಯಿತೆಂಬುದು ಅವರಿಗೆ ತಿಳಿಯುತ್ತಿಲ್ಲ. ಅವರು ಬೇಸತ್ತಿರುವುದು ಇದರಿಂದ. ಭೇಟಿಗೆ ಹೋಗಿಬಂದ ಅಧಿಕಾರಿ ಎರಡು ದಿನದೊಳಗೆ ಬರೆದವರ ಎದುರು ಕುಳಿತು, ಪುಟದಲ್ಲಿ ಯಾವುದು ನಿಜವಾಯಿತು, ಯಾವುದು ಸುಳ್ಳಾಯಿತು ಎಂದು ಹೇಳಬೇಕೆಂಬ ಕಟ್ಟುಪಾಡನ್ನು ಮಾಡಿಕೊಳ್ಳಿ. ಮೂರು ತಿಂಗಳಿಗೊಮ್ಮೆಯಾದರೂ ತಂಡದ ಪ್ರತಿಯೊಬ್ಬರೂ ಒಂದು ಭೇಟಿಗೆ ಜೊತೆಯಲ್ಲಿ ಹೋಗಲಿ. ದಾನಿಯ ಪಡಸಾಲೆಯಲ್ಲಿ ಒಮ್ಮೆ ಕುಳಿತು ಬಂದವರು ಬರೆಯುವ ಪುಟವೇ ಬೇರೆಯಾಗಿರುತ್ತದೆ. 'ಇವರನ್ನು ಈಗ ಕೇಳುವುದು ಬೇಡ' ಎಂದು ಕಾರಣಸಹಿತ ಬರೆದ ಪುಟವನ್ನೂ ಪೂರ್ಣ ಕೆಲಸವೆಂದೇ ಎಣಿಸಿ, ಮೆಚ್ಚಿಕೊಳ್ಳಿ. ಪುಟ ಒಂದನ್ನು ಮೀರದಿರಲಿ. ಖಚಿತವಾದದ್ದು, ಊಹೆ ಎರಡನ್ನೂ ಬೇರೆ ಬೇರೆಯಾಗಿ ತೋರಿಸಿರಲಿ ಮತ್ತು ಕೊನೆಯಲ್ಲಿ ಬರೆದವರ ಹೆಸರಿರಲಿ. ದೇಣಿಗೆ ಬಂದ ದಿನ ಅಧ್ಯಕ್ಷರು ಆ ಹೆಸರನ್ನು ಎಲ್ಲರೆದುರು ಹೇಳುವಂತೆ ನೋಡಿಕೊಳ್ಳುವುದು ನಿಮ್ಮ ಹೊಣೆ. ಸಾಧ್ಯವಾದರೆ ಕೆಲಸ ಬಿಟ್ಟ ಆ ಹುಡುಗಿಗೂ ಒಮ್ಮೆ ಫೋನ್ ಮಾಡಿ.

ಪ್ರಶ್ನೆ: ನಾನು ಒಂದು ಆಸ್ಪತ್ರೆಯ ಧರ್ಮದತ್ತಿಯಲ್ಲಿ ಮೂವರ ಅಧ್ಯಯನ ತಂಡ ನಡೆಸುತ್ತಿದ್ದೇನೆ. ನಮ್ಮ ಕಾರ್ಯದರ್ಶಿಯವರು ಪ್ರತಿ ಪ್ರೊಫೈಲ್‌ನಲ್ಲಿ ದಾನಿಯ ಜಾತಿ, ಕುಟುಂಬದ ಆಸ್ತಿ ಜಗಳ, ಮನೆಯಲ್ಲಿ ಯಾರಿಗಾದರೂ ಕಾಯಿಲೆಯಿದೆಯೇ ಎಂಬ ವಿವರ ಬೇಕೆನ್ನುತ್ತಾರೆ. ನಮ್ಮಲ್ಲೇ ಚಿಕಿತ್ಸೆ ಪಡೆದವರ ದಾಖಲೆ ನೋಡಿದರೆ ಸುಲಭವಾಗುತ್ತದೆ ಎಂದೂ ಸೂಚಿಸಿದ್ದಾರೆ. ತಂಡದ ಒಬ್ಬ ಹುಡುಗ ಬೇರೆ ಹೆಸರಿನ ಖಾತೆ ತೆರೆದು ಒಬ್ಬ ದಾನಿಯ ಮಗಳ ಇನ್‌ಸ್ಟಾಗ್ರಾಂ ನೋಡಿದ್ದಾನೆ. ನನಗೆ ಇದು ಸರಿಕಾಣುತ್ತಿಲ್ಲ. ಆದರೆ ಹಿರಿಯರಿಗೆ ಎದುರಾಡುವುದು ಹೇಗೆ? — ಓದುಗರು, ಮಂಗಳೂರು

ಉತ್ತರ: ನಿಮಗೆ ಸರಿಕಾಣದಿರುವುದು ನಿಜವಾಗಿಯೂ ಸರಿಯಿಲ್ಲ, ಮತ್ತು ನೀವು ಎದುರಾಡಲೇಬೇಕು. ರೋಗಿಯ ದಾಖಲೆಯಿಂದ ಆರಂಭಿಸುತ್ತೇನೆ. ಜನ ತಮ್ಮ ಕಾಯಿಲೆಯನ್ನು ವೈದ್ಯರಿಗೆ ಹೇಳಿಕೊಂಡಿರುವುದು ಗುಣವಾಗಲೆಂದು. ಅದನ್ನು ದೇಣಿಗೆ ವಿಭಾಗದ ಕಂಪ್ಯೂಟರಿಗೆ ತರುವುದು ಆ ನಂಬಿಕೆಗೆ ಮಾಡುವ ದ್ರೋಹ. ಗುಣಮುಖರಾದವರು ತಾವಾಗಿ ಕೃತಜ್ಞತೆಯ ಪತ್ರ ಬರೆದರೆ, ಸಂಪರ್ಕದಲ್ಲಿರಲು ಒಪ್ಪಿಗೆಯಿದೆಯೇ ಎಂದು ಕೇಳಿ ಅವರ ಹೆಸರನ್ನು ಸೇರಿಸಿಕೊಳ್ಳಬಹುದು. ಅದರಾಚೆಗೆ ಒಂದು ಹೆಜ್ಜೆಯೂ ಬೇಡ.

ಕಾರ್ಯದರ್ಶಿಯವರ ಮುಂದೆ ಕಾನೂನನ್ನೂ ಇಡಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು, ವ್ಯಕ್ತಿಯೇ ಸಾರ್ವಜನಿಕಗೊಳಿಸಿದ ಅಥವಾ ಕಾನೂನಿನ ಅಗತ್ಯದಿಂದ ಸಾರ್ವಜನಿಕವಾದ ಮಾಹಿತಿಯನ್ನು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿದೆ. ಕಂಪನಿಯ ವಾರ್ಷಿಕ ವರದಿ, ದಾನಿಯೇ ಕೊಟ್ಟ ಸಂದರ್ಶನ ಇಂಥವು. ಮೂರನೆಯವರು ಪಿಸುಗುಟ್ಟಿದ ಆಸ್ತಿ ಜಗಳ ಇದರಲ್ಲಿ ಬರುವುದಿಲ್ಲ. ಮಾಹಿತಿಯನ್ನು ಸುರಕ್ಷಿತವಾಗಿ ಇಟ್ಟುಕೊಳ್ಳದವರಿಗೆ 250 ಕೋಟಿಯವರೆಗೆ ದಂಡ ವಿಧಿಸಲು ಅದರಲ್ಲಿ ಅವಕಾಶವಿದೆ. ಧರ್ಮಕಾರ್ಯ ಮಾಡುವವರಿಗೆ ಇಂಥದ್ದು ತಟ್ಟುವುದಿಲ್ಲ ಎಂದು ಅವರು ಹೇಳಿದರೆ, ಬ್ರಿಟನ್ನಿನ ಉದಾಹರಣೆ ಕೊಡಿ. ಅಲ್ಲಿ ಪ್ರಾಣಿದಯೆಯ ಕೆಲಸ ಮಾಡುವ ಆರ್‌ಎಸ್‌ಪಿಸಿಎ ಮತ್ತು ಹೃದ್ರೋಗ ಸಂಶೋಧನೆಗೆ ನೆರವಾಗುವ ಬ್ರಿಟಿಷ್ ಹಾರ್ಟ್ ಫೌಂಡೇಶನ್ ಸಂಸ್ಥೆಗಳಿಗೆ 2016ರ ಡಿಸೆಂಬರ್‌ನಲ್ಲಿ ಮಾಹಿತಿ ಆಯುಕ್ತರ ಕಚೇರಿಯು ಕ್ರಮವಾಗಿ 25,000 ಮತ್ತು 18,000 ಪೌಂಡ್ ದಂಡ ಹಾಕಿತು. ತಮ್ಮ ದಾನಿಗಳಿಗೆ ತಿಳಿಸದೆ ಅವರ ಸಂಪತ್ತನ್ನು ಅಳೆಸಿದ್ದು ಅದಕ್ಕೆ ಒಂದು ಮುಖ್ಯ ಕಾರಣ. 2017ರ ಏಪ್ರಿಲ್‌ನಲ್ಲಿ ಇನ್ನೂ 11 ಸಂಸ್ಥೆಗಳಿಗೆ ದಂಡ ಬಿತ್ತು. ಅವರೆಲ್ಲರ ಉದ್ದೇಶವೂ ಒಳ್ಳೆಯದೇ ಆಗಿತ್ತು.

ಜಾತಿಯ ಅಂಕಣದ ಬಗ್ಗೆ ನನ್ನ ನಿಲುವು ಖಚಿತವಾಗಿದೆ: ಅದನ್ನು ತೆಗೆದುಹಾಕಿ. ನಮ್ಮ ನಾಡಿನಲ್ಲಿ ದಾನ ಹಲವು ಸಲ ಸಮುದಾಯದ ದಾರಿಯಲ್ಲೇ ಹರಿದಿದೆ ಎಂಬುದು ನನಗೆ ತಿಳಿಯದ ವಿಷಯವಲ್ಲ. ಒಬ್ಬರು ಒಂದು ಮಠದ ವಿದ್ಯಾರ್ಥಿನಿಲಯದ ಸಮಿತಿಯಲ್ಲಿದ್ದಾರೆ, ಒಂದು ಸಮುದಾಯದ ವಿದ್ಯಾರ್ಥಿವೇತನ ನಿಧಿಗೆ ಕೊಟ್ಟಿದ್ದಾರೆ ಎಂಬುದು ಅವರು ಬಹಿರಂಗವಾಗಿ ಮಾಡಿದ ಕೆಲಸ, ಅದನ್ನು ಬರೆಯಿರಿ. ಹೆಸರಿನ ಬಾಲ ನೋಡಿ ಜಾತಿ ಊಹಿಸಿ, ಅದರ ಮೇಲೆ ಯಾರನ್ನು ಕೇಳಬೇಕೆಂದು ನಿರ್ಧರಿಸುವ ಸಂಸ್ಥೆ ಅರ್ಧ ಊರನ್ನೇ ತನ್ನ ಪಟ್ಟಿಯಿಂದ ಹೊರಗಿಟ್ಟಂತಾಗುತ್ತದೆ. ಆಸ್ಪತ್ರೆಯ ಹಾಸಿಗೆಗೆ ಜಾತಿಯಿಲ್ಲದಿರುವಾಗ ಅದರ ದಾನಿಗಳ ಪಟ್ಟಿಗೆ ಏಕೆ ಬೇಕು? ಪಹಣಿಯೂ ಹಾಗೆಯೇ. ಭೂಮಿ ತಂತ್ರಾಂಶದಲ್ಲಿ ಯಾರ ಪಹಣಿಯನ್ನಾದರೂ ನೋಡಬಹುದು. ಕಾನೂನು ತಡೆಯದೆಂಬ ಒಂದೇ ಕಾರಣಕ್ಕೆ ಒಬ್ಬರ ಎಕರೆ ಎಕರೆಯನ್ನೂ ಪಟ್ಟಿಮಾಡಿ ಇಟ್ಟುಕೊಳ್ಳುವುದು ನನಗೆ ಸಮ್ಮತವಲ್ಲ, ನಾನು ನಡೆಸಿದ ಯಾವ ತಂಡಕ್ಕೂ ಅದನ್ನು ಮಾಡಲು ಬಿಟ್ಟಿಲ್ಲ.

ಆ ಹುಡುಗನನ್ನು ಎಲ್ಲರೆದುರು ಬಯ್ಯಬೇಡಿ. ಖಾತೆಯನ್ನು ಮುಚ್ಚಿಸಿ, ಅದರಿಂದ ಬಂದ ಮಾಹಿತಿಯನ್ನು ಅಳಿಸಿ, ನಂತರ ಮೂವರನ್ನೂ ಕೂರಿಸಿಕೊಂಡು ಒಂದು ಪುಟದ ನಿಯಮಾವಳಿ ಬರೆಯಿರಿ. ಅದಕ್ಕೆ ವಿಶ್ವಸ್ಥ ಮಂಡಳಿಯ ಒಪ್ಪಿಗೆ ಪಡೆದುಕೊಳ್ಳಿ. ಆಮೇಲೆ ಕಾರ್ಯದರ್ಶಿಯವರಿಗೆ ಉತ್ತರ ಕೊಡುವುದು ನೀವೊಬ್ಬರೇ ಅಲ್ಲ, ಮಂಡಳಿಯ ನಿರ್ಣಯ. ನನ್ನ ತಂಡಗಳಲ್ಲಿ ನಾನಿಟ್ಟುಕೊಂಡಿದ್ದ ಪರೀಕ್ಷೆ ಸರಳವಾದದ್ದು: ದಾನಿ ಕಚೇರಿಗೆ ಬಂದು, 'ನನ್ನ ಬಗ್ಗೆ ಏನು ಬರೆದಿಟ್ಟಿದ್ದೀರಿ, ತೋರಿಸಿ' ಎಂದರೆ ಆ ಪುಟವನ್ನು ಅವರ ಕೈಗೆ ಕೊಡಲು ಸಾಧ್ಯವಾಗಬೇಕು. ಒಮ್ಮೆ ಒಬ್ಬ ಹಿರಿಯ ಮಹಿಳೆ ನಿಜವಾಗಿಯೂ ಹಾಗೆ ಕೇಳಿದರು. ಕೊಟ್ಟೆವು. ಅವರು ಓದಿ, ತಮ್ಮ ತಂದೆಯ ಊರಿನ ಹೆಸರನ್ನು ನಾವು ತಪ್ಪಾಗಿ ಬರೆದಿದ್ದನ್ನು ಪೆನ್ನು ತೆಗೆದುಕೊಂಡು ತಿದ್ದಿಕೊಟ್ಟರು.

ಪ್ರಶ್ನೆ: ನಮ್ಮ ಕಾಲೇಜಿನ ಹಳೆಯ ವಿದ್ಯಾರ್ಥಿಗಳಲ್ಲಿ ಸುಮಾರು 200 ಜನ ಅಮೆರಿಕದಲ್ಲಿದ್ದಾರೆ. ಅವರ ಬಗ್ಗೆ ಅಧ್ಯಯನ ಆರಂಭಿಸಲು ತಂಡಕ್ಕೆ ಹೇಳಿದ್ದೇನೆ. ನಮಗೆ ವಿದೇಶಿ ದೇಣಿಗೆಯ ನೋಂದಣಿ ಇಲ್ಲ. ಮುಂದುವರಿಯಬಹುದೇ? — ಓದುಗರು, ಮೈಸೂರು

ಉತ್ತರ: ಆ 200 ಜನರ ವಿಷಯದಲ್ಲಿ ತಂಡ ತಿಳಿಯಬೇಕಾದ ಮೊದಲ ಸಂಗತಿ ಅವರ ಪೌರತ್ವ. ಭಾರತದ ಪಾಸ್‌ಪೋರ್ಟ್ ಉಳಿಸಿಕೊಂಡಿರುವ ಅನಿವಾಸಿ ಭಾರತೀಯರು ತಮ್ಮ ಸ್ವಂತ ಉಳಿತಾಯದಿಂದ ಬ್ಯಾಂಕಿನ ಮೂಲಕ ಕೊಡುವ ಹಣವನ್ನು ವಿದೇಶಿ ದೇಣಿಗೆಯೆಂದು ಪರಿಗಣಿಸುವುದಿಲ್ಲ. ಅವರ ಪಾಸ್‌ಪೋರ್ಟಿನ ಪ್ರತಿಯನ್ನು ರಸೀದಿಯೊಂದಿಗೆ ಇಟ್ಟುಕೊಂಡಿರಿ. ಅಮೆರಿಕದ ಪೌರತ್ವ ಪಡೆದವರು, ಒಸಿಐ (ಸಾಗರೋತ್ತರ ಭಾರತೀಯ ನಾಗರಿಕ) ಕಾರ್ಡ್ ಇದ್ದರೂ, 2010ರ ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆಯ ಪ್ರಕಾರ ವಿದೇಶಿ ಮೂಲವೇ. ಅವರು ಮೈಸೂರಿನ ತಮ್ಮ ತಾಯಿಯ ಮನೆಯಲ್ಲಿ ಕುಳಿತು ರೂಪಾಯಿಯಲ್ಲೇ ಚೆಕ್ ಬರೆದುಕೊಟ್ಟರೂ ನೋಂದಣಿಯಾಗಲಿ ಪೂರ್ವಾನುಮತಿಯಾಗಲಿ ಇಲ್ಲದೆ ನೀವು ಅದನ್ನು ಪಡೆಯುವಂತಿಲ್ಲ. 2020ರ ತಿದ್ದುಪಡಿಯ ನಂತರ ಇಂಥ ಹಣ ಮೊದಲು ಬಂದು ಸೇರಬೇಕಾದದ್ದು ಸ್ಟೇಟ್ ಬ್ಯಾಂಕಿನ ನವದೆಹಲಿ ಮುಖ್ಯ ಶಾಖೆಯ ಖಾತೆಗೆ ಮಾತ್ರ.

ಹೀಗಾಗಿ ಈಗಲೇ 200 ಪ್ರೊಫೈಲ್‌ಗಳನ್ನು ಬರೆಸಬೇಡಿ. ಎಲ್ಲರಿಗೂ ಒಂದು ಪತ್ರ ಕಳುಹಿಸಿ. ಅದರಲ್ಲಿ ಹಣದ ಮಾತು ಇರದಿರಲಿ. ಕಾಲೇಜಿನ ಯಾವ ಮೇಷ್ಟ್ರು ನೆನಪಿನಲ್ಲಿದ್ದಾರೆ, ಯಾವ ವರ್ಷ ಯಾವ ಹಾಸ್ಟೆಲ್ಲಿನಲ್ಲಿದ್ದಿರಿ, ಈಗ ಯಾವ ದೇಶದ ಪೌರರು, ನಮ್ಮಿಂದ ಪತ್ರಗಳು ಬರುತ್ತಿದ್ದರೆ ಒಪ್ಪಿಗೆಯೇ ಎಂಬ ನಾಲ್ಕು ಪ್ರಶ್ನೆಗಳು ಸಾಕು. ಹಾಸ್ಟೆಲ್ಲಿನ ಬಗ್ಗೆ ಎರಡು ಪುಟ ಬರೆದು ಕಳುಹಿಸಿದವರ ಹೆಸರಿನಿಂದ ನಿಮ್ಮ ತಂಡ ಅಧ್ಯಯನ ಆರಂಭಿಸಲಿ. ಅಷ್ಟರಲ್ಲಿ ನೋಂದಣಿಯ ಅರ್ಜಿಗೆ ಬೇಕಾದ ಹಿಂದಿನ ಮೂರು ವರ್ಷಗಳ ಲೆಕ್ಕಪತ್ರಗಳನ್ನು ನಿಮ್ಮ ಲೆಕ್ಕಪರಿಶೋಧಕರಿಂದ ಸಿದ್ಧಮಾಡಿಸಿಕೊಳ್ಳಿ.